ಮಕ್ಕಳ ಜೊತೆ ಒಂದು ದಿನದ ಮೈಸೂರು: ಸುಸ್ತಾಗದೆ, ಕಿತ್ತಾಡದೆ ಹೋಗಿಬರೋದು ಹೇಗೆ

ಬೆಂಗಳೂರಿಂದ ಮಕ್ಕಳನ್ನ ಕರ್ಕೊಂಡು ಒಂದು ದಿನಕ್ಕೆ ಮೈಸೂರಿಗೆ ಹೋಗೋರು ಹಾಕೋ ಪ್ಲಾನ್ ಸಾಮಾನ್ಯವಾಗಿ ಹೀಗಿರುತ್ತೆ, ಬೆಳಿಗ್ಗೆ ಶ್ರೀರಂಗಪಟ್ಟಣ, ಹಾಗೇ ನಿಮಿಷಾಂಬ, ಆಮೇಲೆ ಝೂ, ಅರಮನೆ, ಚಾಮುಂಡಿ ಬೆಟ್ಟ, ಸಂಜೆ ಕೆಆರ್‌ಎಸ್, ರಾತ್ರಿ ವಾಪಸ್. ದೊಡ್ಡೋರಿಗೇ ಇದು ಉಸಿರು ಕಟ್ಟೋ ಓಡಾಟ, ಇನ್ನು ನಾಲ್ಕು ವರ್ಷದ ಮಗು ಕಥೆ ಏನಾಗ್ಬೇಕು ಹೇಳಿ. ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಚಿಕ್ಕದು ಅಳ್ತಿರುತ್ತೆ, ದೊಡ್ಡದು ಮೊಬೈಲ್ ಕೊಡು ಅಂತಿರುತ್ತೆ, ಅಪ್ಪ ಪಾರ್ಕಿಂಗ್ ಹುಡುಕ್ತಿರ್ತಾರೆ, ಅಮ್ಮ ಬ್ಯಾಗ್ ಹೊತ್ಕೊಂಡು ಬಾತ್ರೂಮ್ ಎಲ್ಲಿದೆ ಅಂತ ಕೇಳ್ತಿರ್ತಾರೆ.

ನಾನು ಹೇಳೋದು ಇಷ್ಟೇ, ಮಕ್ಕಳ ಜೊತೆ ಹೋಗೋ ದಿನಕ್ಕೆ ಒಂದೇ ದೊಡ್ಡ ಜಾಗ ಇಟ್ಕೊಳ್ಳಿ, ಅದರ ಜೊತೆ ಸಂಜೆಗೆ ಒಂದು ಚಿಕ್ಕ ಜಾಗ, ಮಧ್ಯದಲ್ಲಿ ಏನೂ ಇಟ್ಕೋಬೇಡಿ, ಖಾಲಿ ಬಿಡಿ. ಮೈಸೂರಲ್ಲಿ ಆ ದೊಡ್ಡ ಜಾಗ ಝೂ. ಅರಮನೆ, ಬೆಟ್ಟ ಎಲ್ಲೂ ಓಡಿಹೋಗಲ್ಲ, ಇನ್ನೊಂದು ಸಲಕ್ಕೆ ಇರುತ್ತೆ. ಐದು ಜಾಗ ನೋಡಿಸಿದ್ರೆ ಮಕ್ಕಳಿಗೆ ಐದು ಪಾರ್ಕಿಂಗ್ ಲಾಟ್ ನೆನಪಿರುತ್ತೆ, ಒಂದು ಜಾಗದಲ್ಲಿ ನಿಧಾನಕ್ಕೆ ಬಿಟ್ರೆ ಅದರ ಬಗ್ಗೆ ವರ್ಷಗಟ್ಲೆ ಮಾತಾಡ್ತಾರೆ.

ಮೊದಲು ಯಾವ ವಾರ ಅಂತ ಡಿಸೈಡ್ ಮಾಡಿ. ಮಂಗಳವಾರ ಝೂಗೆ ರಜ, ಪಕ್ಕದ ಕಾರಂಜಿ ಕೆರೆಗೂ ರಜ, ಇದು ಗೊತ್ತಿಲ್ದೆ ಸ್ಕೂಲ್ ರಜಾದಲ್ಲಿ ಮಂಗಳವಾರ ಹೋಗಿ ಗೇಟ್ ಮುಂದೆ ನಿಂತ್ಕೊಂಡಿರೋ ಫ್ಯಾಮಿಲಿಗಳನ್ನ ನೋಡಿದ್ರೆ ಪಾಪ ಅನ್ಸುತ್ತೆ. ಭಾನುವಾರ ಜನ ಜಾಸ್ತಿ, ಆದ್ರೆ ಭಾನುವಾರ ಮತ್ತೆ ಸರ್ಕಾರಿ ರಜಾ ದಿನ ಸಂಜೆ ಅರಮನೆ ಲೈಟ್ ಹಾಕ್ತಾರೆ, ಅದು ಬೇಕು ಅಂದ್ರೆ ಭಾನುವಾರವೇ ಸರಿ. ಲೈಟ್ ಬೇಡ ಅಂದ್ರೆ ಬುಧವಾರದಿಂದ ಶುಕ್ರವಾರದೊಳಗೆ ಒಂದು ದಿನ ಆಫೀಸಿಗೆ ರಜ ಹಾಕಿ ಹೋಗೋದು ಎಲ್ಲಕ್ಕಿಂತ ಒಳ್ಳೇದು. ದಸರಾ ಟೈಮಲ್ಲಿ ಐದು ವರ್ಷದೊಳಗಿನ ಮಕ್ಕಳನ್ನ ಒಂದು ದಿನದ ಟ್ರಿಪ್‌ಗೆ ಕರ್ಕೊಂಡು ಹೋಗ್ಬೇಡಿ ಅಂತಲೇ ನನ್ನ ಸಲಹೆ, ಆ ಜನಜಂಗುಳೀಲಿ ಚಿಕ್ಕ ಮಕ್ಕಳಿಗೆ ಕಾಣೋದು ಬೇರೆಯವರ ಸೊಂಟ, ಬ್ಯಾಗು ಅಷ್ಟೇ. ದಸರಾ ತೋರಿಸ್ಬೇಕು ಅಂದ್ರೆ ಎರಡು ದಿನ ಉಳ್ಕೊಳ್ಳೋ ಹಾಗೆ ಹೋಗಿ.

ಇನ್ನು ರೈಲಾ ಕಾರಾ. ಮಕ್ಕಳಿದ್ರೆ ರೈಲು, ನನಗೆ ಇದರಲ್ಲಿ ಎರಡನೇ ಮಾತಿಲ್ಲ. ಎಕ್ಸ್‌ಪ್ರೆಸ್‌ವೇ 2023ರಲ್ಲಿ ಓಪನ್ ಆದ್ಮೇಲೆ ಕಾರಲ್ಲಿ ಬೇಗ ಹೋಗ್ಬಹುದು ನಿಜ, ಆದ್ರೆ ಆ ರೋಡು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲಾ ಊರನ್ನೂ ಹೊರಗಿಂದಲೇ ದಾಟ್ಕೊಂಡು ಹೋಗುತ್ತೆ, ಮಗು ತಕ್ಷಣ ಸೂಸು ಅಂದ್ರೆ ಎಲ್ಲಿ ಅಂದ್ರಲ್ಲಿ ನಿಲ್ಲಿಸೋಕಾಗಲ್ಲ, ಎಕ್ಸಿಟ್ ನೋಡ್ಕೊಂಡು ಸರ್ವಿಸ್ ರೋಡಿಗೆ ಇಳೀಬೇಕು. ಕಾರಲ್ಲೇ ಹೋಗೋರು ಎಲ್ಲಿ ಇಳೀತೀವಿ ಅಂತ ಮನೇಲೇ ಗುರುತು ಮಾಡ್ಕೊಂಡು ಹೊರಡಿ. ರೈಲಲ್ಲಾದ್ರೆ ಎರಡೂವರೆ ಮೂರು ಗಂಟೆ ಆಗ್ಬಹುದು, ಆದ್ರೆ ಬಾತ್ರೂಮ್ ಇದೆ, ಎದ್ದು ಓಡಾಡ್ಬಹುದು, ಅಪ್ಪ ಅಮ್ಮ ಇಬ್ಬರ ಕೈಯೂ ಫ್ರೀ, ಮುಖ್ಯವಾಗಿ ಟ್ರಿಪ್ ಸ್ಟೇಷನ್ನಿಂದಲೇ ಶುರುವಾಗುತ್ತೆ. 5 ವರ್ಷದೊಳಗಿನ ಮಕ್ಕಳಿಗೆ ಬೇರೆ ಸೀಟ್ ಬೇಡ ಅಂದ್ರೆ ಟಿಕೆಟ್ಟೂ ಬೇಕಿಲ್ಲ. ಮೈಸೂರು ರೋಡ್ ಕಡೆ, ಆರ್‌ಆರ್ ನಗರ ಕಡೆ ಇರೋರು ಮೆಜೆಸ್ಟಿಕ್ ತನಕ ಬರೋ ಬದಲು ಕೆಂಗೇರಿಯಲ್ಲಿ ನಿಲ್ಲೋ ರೈಲು ನೋಡ್ಕೊಂಡು ಅಲ್ಲೇ ಹತ್ತಿ, ಬೆಳಿಗ್ಗೆ ಅರ್ಧ ಗಂಟೆ ನಿದ್ದೆ ಉಳಿಯುತ್ತೆ.

ರೈಲಲ್ಲಿ ಮಕ್ಕಳಿಗೆ ಕಿಟಕಿ ಸೀಟ್ ಕೊಟ್ಟು, ಮನೇಲೇ ಒಂದು ಚೀಟಿ ಬರೆದಿಟ್ಟಿರಿ, ಏನೇನು ಕಾಣುತ್ತೆ ಅಂತ. ರಾಮನಗರದ ಬಂಡೆ ಬೆಟ್ಟ, ತೆಂಗಿನ ತೋಟ, ಕಬ್ಬಿನ ಗದ್ದೆ, ಎತ್ತಿನ ಗಾಡಿ, ಬೆಳ್ಳಕ್ಕಿ, ಕಂಡಿದ್ದಕ್ಕೆಲ್ಲಾ ಒಂದೊಂದು ಟಿಕ್. ಓದೋಕೆ ಬರದ ಮಗುಗೆ ಅದೇ ಚಿತ್ರ ಬರೆದುಕೊಡಿ, ಚೆನ್ನಾಗಿ ಬರೀಬೇಕು ಅಂತೇನಿಲ್ಲ. ಮದ್ದೂರು ಹತ್ರ ಬಂದ್ರೆ ವಡೆ ಬರುತ್ತೆ, ರವೆ ಅಕ್ಕಿಹಿಟ್ಟು ಈರುಳ್ಳಿ ಹಾಕಿ ತಟ್ಟಿರೋ ಆ ಮದ್ದೂರು ವಡೆನ ರೈಲಲ್ಲೇ ಪೇಪರ್ ಮೇಲೆ ಇಟ್ಕೊಂಡು ತಿನ್ನೋದರ ಖುಷಿ ಬೇರೆ ಎಲ್ಲೂ ಸಿಗಲ್ಲ, ವಡೆಯವರನ್ನ ಕರೆದು ದುಡ್ಡು ಕೊಟ್ಟು ಚಿಲ್ಲರೆ ಎಣಿಸ್ಕೊಳ್ಳೋ ಕೆಲಸ ದೊಡ್ಡ ಮಗುಗೆ ಬಿಡಿ. ಆಮೇಲೆ ಶ್ರೀರಂಗಪಟ್ಟಣ. ಅದು ಕಾವೇರಿ ಮಧ್ಯದ ದ್ವೀಪ, ಹಾಗಾಗಿ ರೈಲು ಅಲ್ಲಿ ಎರಡು ಸಲ ನದಿ ದಾಟುತ್ತೆ, ಸ್ಟೇಷನ್‌ಗೆ ಮುಂಚೆ ಒಂದ್ಸಲ, ಆದ್ಮೇಲೆ ಇನ್ನೊಂದ್ಸಲ, ಒಂದೇ ನದಿ ಎರಡು ಸಲ ಹೇಗೆ ಬಂತು ಅಂತ ಮಕ್ಕಳನ್ನೇ ಕೇಳಿ, ಉತ್ತರ ತಕ್ಷಣ ಹೇಳ್ಬೇಡಿ. ಇನ್ನೊಂದು ವಿಷಯ ಇದೆ, ಇಲ್ಲಿ ಡಬಲ್ ಲೈನ್ ಹಾಕೋಕೆ ಟಿಪ್ಪು ಕಾಲದ ಮದ್ದಿನ ಮನೆಯೊಂದು, ಅಂದ್ರೆ ಸಿಡಿಮದ್ದು ಇಡ್ತಿದ್ದ ಕಟ್ಟಡ, ಅಡ್ಡ ಬಂತು, ಒಡೀಬಾರದು ಅಂತ 2017ರಲ್ಲಿ ಆ ಇಡೀ ಕಟ್ಟಡವನ್ನ ಬುಡದಿಂದ ಎತ್ತಿ ನೂರು ಮೀಟರ್‌ಗಿಂತ ಜಾಸ್ತಿ ದೂರ ಸರಿಸಿ ಇಟ್ರು. ಎಂಟು ಹತ್ತು ವರ್ಷದ ಮಕ್ಕಳಿಗೆ ಈ ಕಥೆ ಹೇಳಿ ನೋಡಿ, ಮನೇನ ಎತ್ತೋದು ಹೇಗೆ ಅಂತ ಮೈಸೂರು ಬರೋ ತನಕ ಪ್ರಶ್ನೆ ನಿಲ್ಲಲ್ಲ.

ಝೂ ಬೆಳಿಗ್ಗೆ 8:30ಕ್ಕೆ ತೆಗೀತಾರೆ, ಸಂಜೆ 5:30ಕ್ಕೆ ಮುಚ್ತಾರೆ. ಆ ಎಂಟೂವರೆಗೆ ಎಷ್ಟು ಹತ್ರ ಆಗುತ್ತೋ ಅಷ್ಟು ಹತ್ರಕ್ಕೆ ಹೋಗಿ. ಬೆಳಿಗ್ಗೆ ತಂಪಲ್ಲಿ ಹುಲಿ ಓಡಾಡ್ತಿರುತ್ತೆ, ಕೋತಿಗಳು ಆಟ ಆಡ್ತಿರ್ತವೆ, ಹನ್ನೊಂದೂವರೆ ಆದ್ಮೇಲೆ ಬಿಸಿಲಿಗೆ ಅರ್ಧ ಪ್ರಾಣಿಗಳು ನೆರಳಲ್ಲಿ ಮಲಗಿಬಿಡ್ತವೆ, ಜನರೂ ತುಂಬ್ಕೊಳ್ತಾರೆ. ಟಿಕೆಟ್ ಆನ್‌ಲೈನ್ ತಗೊಂಡುಬಿಟ್ರೆ ಕ್ಯೂ ತಪ್ಪುತ್ತೆ. ಪ್ಲಾಸ್ಟಿಕ್ ವಿಷಯದಲ್ಲಿ ಇಲ್ಲಿ ಸ್ಟ್ರಿಕ್ಟು, ನೀರಿಗೆ ಸ್ಟೀಲ್ ಬಾಟಲ್, ತಿಂಡಿಗೆ ಡಬ್ಬಿ ಇಟ್ಕೊಂಡ್ರೆ ಗೇಟಲ್ಲಿ ತಲೆನೋವಿಲ್ಲ.

1892ರಲ್ಲಿ ಚಾಮರಾಜೇಂದ್ರ ಒಡೆಯರು ಶುರು ಮಾಡಿದ ಝೂ ಇದು, ಮರಗಳೇ ನೋಡೋ ಹಾಗಿವೆ, ದಾರಿ ಉದ್ದಕ್ಕೂ ನೆರಳಿದೆ. ಪೂರ್ತಿ ಸುತ್ತಿದ್ರೆ ಮೂರು ಕಿಲೋಮೀಟರ್ ಹತ್ರ ನಡಿಗೆ, ಅದನ್ನ ಪೂರ್ತಿ ಸುತ್ತಲೇಬೇಕು ಅಂತ ಯಾರೂ ಹೇಳಿಲ್ಲ! ಹಿಂದಿನ ದಿನ ರಾತ್ರಿ ಮಕ್ಕಳನ್ನ ಕೂರಿಸ್ಕೊಂಡು ಒಬ್ಬೊಬ್ಬರು ಮೂರು ಪ್ರಾಣಿ ಆರಿಸಿ ಅಂತ ಹೇಳಿ, ನೀವೂ ಆರಿಸಿ, ಅಜ್ಜಿ ತಾತ ಬರ್ತಿದ್ರೆ ಅವರೂ ಆರಿಸ್ಲಿ. ಆ ಪ್ರಾಣಿಗಳ ಹತ್ರ ಬೇಕಾದಷ್ಟು ಹೊತ್ತು ನಿಲ್ಲೋದು, ಬಾಕಿ ಎಲ್ಲಾ ದಾರೀಲಿ ಕಂಡ್ರೆ ಕಂಡಿತು. ಜಿರಾಫೆ ಅಂತೂ ಎಲ್ಲರ ಲಿಸ್ಟಲ್ಲೂ ಇರುತ್ತೆ. ಗೊರಿಲ್ಲಾಗಳಿವೆ, ಥಾಬೋ ಮತ್ತು ಡೆಂಬಾ ಅಂತ, 2021ರಲ್ಲಿ ಜರ್ಮನಿಯಿಂದ ಬಂದಿದ್ದು, ಅವು ಅಣ್ಣತಮ್ಮ ಥರ ಒಂದರ ಹಿಂದೆ ಒಂದು ನಡೆಯೋದನ್ನ ನೋಡ್ತಾ ಹತ್ತು ನಿಮಿಷ ನಿಲ್ಲಿ, ಮಕ್ಕಳೇ ಏನೇನೋ ಕಂಡುಹಿಡೀತಾರೆ, ಅದು ಕೈ ಹೇಗೆ ಮಡಚುತ್ತೆ, ಮೂಗು ಹೇಗೆ ಕೆರ್ಕೊಳ್ಳುತ್ತೆ ಅಂತ. ಅನಕೊಂಡ ಅಲ್ಲಾಡಲ್ಲ, ಆದ್ರೂ ಅದರ ಮುಂದಿಂದ ಮಕ್ಕಳು ಕದಲಲ್ಲ, ಅಲ್ಲೂ ಅವಸರ ಮಾಡ್ಬೇಡಿ.

ಇಲ್ಲಿ ದೊಡ್ಡೋರು ಮಾಡೋ ಒಂದು ಕೆಲಸ ಇದೆ, ಪ್ರತಿ ಬೋರ್ಡ್ ಮುಂದೆ ನಿಂತು ಇದರ ಹೆಸರೇನು ಓದು, ಸ್ಪೆಲ್ಲಿಂಗ್ ಹೇಳು, ಯಾವ ದೇಶದ್ದು ಹೇಳು. ದಯವಿಟ್ಟು ಬೇಡ. ಅದು ಈಗ ಏನು ಮಾಡ್ತಿದೆ, ಯಾಕೆ ಮಾಡ್ತಿರಬಹುದು, ಇಷ್ಟು ಕೇಳಿ ಸುಮ್ಮನಿರಿ. ಮೂರು ವರ್ಷದ ಮಗು ಆನೆ ಬಿಟ್ಟು ಕೆಳಗೆ ಹರಿದು ಹೋಗ್ತಿರೋ ಇರುವೆ ಸಾಲು ನೋಡ್ತಾ ಕೂತ್ರೆ ಕೂರಲಿ, ಟಿಕೆಟ್ ದುಡ್ಡು ವೇಸ್ಟ್ ಆಯ್ತು ಅಂತ ಎಳ್ಕೊಂಡು ಹೋಗ್ಬೇಡಿ, ಆ ಮಗು ನೋಡ್ತಿದೆ ತಾನೆ, ಅದಕ್ಕೇ ತಾನೆ ನಾವು ಬಂದಿರೋದು. ಆದ್ರೆ ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ, ಪ್ರಾಣಿಗಳ ಹತ್ರ ಕೂಗೋದು, ಗಾಜು ಬಡಿಯೋದು, ತಿಂಡಿ ಎಸೆಯೋದು ಇಲ್ಲ. ಬೇರೆಯವರು ಮಾಡ್ತಿದ್ರೂ ನಾವು ಮಾಡಲ್ಲ ಅಂತ ಮನೇಲೇ ಹೇಳಿ ಕರ್ಕೊಂಡು ಬನ್ನಿ, ಪಿಸುಗುಟ್ಟಿ ಮಾತಾಡೋದನ್ನೇ ಆಟ ಮಾಡಿ, ಚಿಕ್ಕವರಿಗೆ ಅದು ತುಂಬಾ ಇಷ್ಟ ಆಗುತ್ತೆ.

ಅಜ್ಜಿ ತಾತ ಜೊತೆಗಿದ್ರೆ ಬ್ಯಾಟರಿ ಗಾಡಿ ಸಿಗುತ್ತೆ, ಮಂಡಿ ನೋವಿರೋರಿಗೆ ಅನುಕೂಲ. ಒಂದು ಮೊಮ್ಮಗುನ ಜೊತೆ ಕೂರಿಸಿ ಕಳಿಸಿ, ಆಮೇಲೆ ಮುಂದೆ ಒಂದು ಕಡೆ ಸೇರ್ಕೊಳ್ಳಿ. ಅಜ್ಜಿನ ಇಡೀ ದಿನ ಬ್ಯಾಗ್ ಕಾಯೋಕೆ ಬೆಂಚ್ ಮೇಲೆ ಕೂರಿಸೋದು ಎಷ್ಟೋ ಮನೆಗಳಲ್ಲಿ ನಡೀತದೆ, ಅದನ್ನ ಬಿಡೋಣ. ಅವರೂ ಟ್ರಿಪ್ಪಿಗೇ ಬಂದಿರೋದು, ಮಕ್ಕಳು ದೊಡ್ಡೋರಾದ್ಮೇಲೆ ನೆನೆಸ್ಕೊಳ್ಳೋದು ಅಜ್ಜಿ ಜೊತೆ ಗಾಡೀಲಿ ಕೂತಿದ್ದನ್ನೇ.

ಊಟ ತಿಂಡಿ ವಿಷಯ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಟ್ರಿಪ್ ಕೆಡೋದು ಮುಕ್ಕಾಲು ಪಾಲು ಇಲ್ಲೇ. ಮಗು ಹಸಿವು ಅಂತ ಹೇಳೋ ತನಕ ಕಾಯ್ಬೇಡಿ, ಹಸಿವಾದ ಮಗು ಹಸಿವು ಅನ್ನಲ್ಲ, ಶೂ ಬೇಡ ಅನ್ನುತ್ತೆ, ತಂಗಿನ ತಳ್ಳುತ್ತೆ, ಎತ್ಕೋ ಅನ್ನುತ್ತೆ. ಎರಡು ಗಂಟೆಗೊಂದ್ಸಲ ಏನಾದ್ರೂ ಸ್ವಲ್ಪ ಹೊಟ್ಟೆಗೆ ಹೋಗ್ಲಿ. ಬೆಳಿಗ್ಗೆ ರೈಲಲ್ಲಿ ಚಟ್ನಿಪುಡಿ ಎಣ್ಣೆ ಸವರಿದ ಇಡ್ಲಿ ಅಥವಾ ಚಪಾತಿಗೆ ಬೆಲ್ಲ ತುಪ್ಪ ಹಾಕಿ ಸುತ್ತಿದ್ದು, ಕೈಗೆ ಅಂಟಲ್ಲ, ಚೆಲ್ಲಲ್ಲ. ಮಧ್ಯೆ ಮಧ್ಯೆ ಸೌತೆಕಾಯಿ, ಬಿಡಿಸಿದ ಕಿತ್ತಳೆ, ಹುರಿದ ಕಡ್ಲೆಬೀಜ, ಬಾಳೆಹಣ್ಣು. ಮಧ್ಯಾಹ್ನಕ್ಕೆ ಚಿತ್ರಾನ್ನ, ಮೊಸರನ್ನ. ಮೊಸರನ್ನಕ್ಕೆ ಅನ್ನ ಬಿಸಿ ಇರುವಾಗಲೇ ಹಾಲು ಹಾಕಿ ಮೆತ್ತಗೆ ಕಲಸಿ, ಆರಿದ ಮೇಲೆ ಒಂದೆರಡು ಚಮಚ ಮೊಸರು ಮಾತ್ರ ಸೇರಿಸಿ ಒಗ್ಗರಣೆ ಕೊಡಿ, ಮಧ್ಯಾಹ್ನದ ಹೊತ್ತಿಗೆ ಹದವಾಗಿ ಮೊಸರಾಗಿರುತ್ತೆ, ಹುಳಿ ಬಂದಿರಲ್ಲ. ಮೈಸೂರಿಗೆ ಬಂದು ದೋಸೆ ತಿನ್ನದೆ ಹೋಗೋದಾ ಅಂತ ಕೇಳ್ತೀರ, ತಿನ್ನಿ, ಆದ್ರೆ ಭಾನುವಾರ ಒಂದು ಗಂಟೆಗೆ ಫೇಮಸ್ ಹೋಟೆಲ್ ಮುಂದೆ ಮಕ್ಕಳನ್ನ ಕ್ಯೂನಲ್ಲಿ ನಿಲ್ಲಿಸ್ಕೊಂಡು ಬೇಡ. ಹನ್ನೆರಡಕ್ಕೆ ಮುಂಚೆ ಹೋಗಿ, ಇಲ್ಲಾಂದ್ರೆ ಸಂಜೆ ನಾಲ್ಕೂವರೆ ಐದಕ್ಕೆ ತಿಂಡಿ ಥರ ತಿನ್ನಿ.

ಹನ್ನೆರಡೂವರೆಯಿಂದ ಮೂರೂವರೆ ತನಕ ಏನೂ ನೋಡ್ಬೇಡಿ. ಇದನ್ನ ಹೇಳಿದ್ರೆ ಎಲ್ಲರೂ ಟೈಮ್ ವೇಸ್ಟ್ ಅಂತಾರೆ, ಆದ್ರೆ ಇಡೀ ಪ್ಲಾನ್‌ನಲ್ಲಿ ನಾನು ಬಿಟ್ಟುಕೊಡದೇ ಇರೋದು ಇದೊಂದೇ. ಕಾರಂಜಿ ಕೆರೆ ಝೂ ಪಕ್ಕದಲ್ಲೇ ಇದೆ, ಮರದ ನೆರಳಿದೆ, ಗಾಳಿ ಇದೆ, ಜನ ಕಮ್ಮಿ. ಬ್ಯಾಗಲ್ಲಿ ಒಂದು ಹಳೇ ಬೆಡ್‌ಶೀಟ್ ಇಟ್ಕೊಂಡಿದ್ರೆ ಹಾಸ್ಕೊಂಡು ಕೂತು ಡಬ್ಬಿ ಬಿಚ್ಚಿದ್ರಾಯ್ತು, ಎಲ್ಲಿ ಕೂತು ತಿನ್ಬಹುದು ಅಂತ ಅಲ್ಲಿಯ ಸಿಬ್ಬಂದೀನ ಒಂದ್ಸಲ ಕೇಳ್ಕೊಳ್ಳಿ. ಚಿಕ್ಕದು ಮಲಗುತ್ತೆ, ದೊಡ್ಡದು ಮಲಗಲ್ಲ, ದೊಡ್ಡದನ್ನ ಅಪ್ಪ ಕರ್ಕೊಂಡು ಒಳಗೇ ಇರೋ ದೊಡ್ಡ ಪಕ್ಷಿಧಾಮದ ಬಲೆಮನೆಗೆ ಹೋಗ್ಲಿ, ಅದರೊಳಗೆ ನಾವೇ ನಡ್ಕೊಂಡು ಹೋಗ್ಬಹುದು, ನವಿಲು ಎದುರಿಗೇ ಓಡಾಡ್ತಿರುತ್ತೆ. ಮನೇಲಿ ತಂಗಿ ತಮ್ಮ ಹುಟ್ಟಿದ್ಮೇಲೆ ದೊಡ್ಡ ಮಗುಗೆ ಅಪ್ಪ ಅಮ್ಮ ಒಬ್ಬರೇ ಸಿಗೋದು ಅಪರೂಪ, ಈ ಒಂದು ಗಂಟೆ ಅದಕ್ಕೆ ಸಿಕ್ಕಿದ್ರೆ ಸಂಜೆ ತನಕ ಅದರ ಮುಖವೇ ಬೇರೆ ಇರುತ್ತೆ.

ಸಂಜೆ ಜಾಗಕ್ಕೆ ಎರಡು ದಾರಿ. ಮಕ್ಕಳು ಆರು ವರ್ಷದೊಳಗಿದ್ರೆ ರೈಲ್ವೆ ಮ್ಯೂಸಿಯಂ. 1979ರಲ್ಲಿ ಶುರುವಾಗಿದ್ದು, ಮೈಸೂರು ಸ್ಟೇಷನ್ ಹತ್ರವೇ ಇದೆ. ಹಳೇ ಸ್ಟೀಮ್ ಎಂಜಿನ್‌ಗಳು ಬಯಲಲ್ಲೇ ನಿಂತಿವೆ, ಮಹಾರಾಣಿಯವರು ಓಡಾಡ್ತಿದ್ದ ಸಲೂನ್ ಬೋಗಿ ಇದೆ, ಮಕ್ಕಳ ರೈಲು ಒಂದು ಸುತ್ತು ಹೊಡೆಸ್ತಾರೆ. ಮುಟ್ಬೇಡ ಮುಟ್ಬೇಡ ಅಂತ ಹೇಳೋ ಅವಶ್ಯಕತೆ ಕಮ್ಮಿ ಇರೋ ಮ್ಯೂಸಿಯಂ ಇದು, ಅದಕ್ಕೇ ಚಿಕ್ಕವರಿಗೆ ಸರಿ. ಅಲ್ಲಿಂದ ಸೀದಾ ಸ್ಟೇಷನ್‌ಗೆ ಹೋಗಿ ರೈಲು ಹತ್ತಿದ್ರೆ ಮಲಗೋ ಟೈಮಿಗೆ ಮನೆ.

ಮಕ್ಕಳು ಸ್ವಲ್ಪ ದೊಡ್ಡವರಾಗಿದ್ದು ಭಾನುವಾರ ಆಗಿದ್ರೆ ಅರಮನೆ ಲೈಟು. ಮಧ್ಯಾಹ್ನ ಒಳಗೆ ಹೋಗಿ ದರ್ಬಾರ್ ಹಾಲ್ ನೋಡೋದನ್ನ ಈ ಸಲ ಬಿಡಿ, ಚಪ್ಪಲಿ ಬಿಡಿಸಿ, ಜನರ ಮಧ್ಯೆ ತಳ್ಳಾಡ್ಕೊಂಡು, ಯಾವುದನ್ನೂ ಮುಟ್ಟದೆ ನಡೆಯೋದು ಚಿಕ್ಕ ಮಕ್ಕಳಿಗೆ ಶಿಕ್ಷೆನೇ. ಸಂಜೆ ಆರೂಮುಕ್ಕಾಲಕ್ಕೆ ಅಂಗಳದಲ್ಲಿ ಒಂದು ಜಾಗ ಹಿಡ್ಕೊಂಡು ಕೂತ್ಕೊಳ್ಳಿ, ಕಾಯೋ ಹೊತ್ತಲ್ಲಿ ಕಥೆ ಹೇಳಿ, ಇಲ್ಲಿ ಮೊದಲು ಮರದ ಅರಮನೆ ಇತ್ತು, 1897ರಲ್ಲಿ ಮದುವೆ ಸಂಭ್ರಮದಲ್ಲಿ ಬೆಂಕಿ ಬಿದ್ದು ಸುಟ್ಟುಹೋಯ್ತು, ಆಮೇಲೆ 1912ರ ಹೊತ್ತಿಗೆ ಈ ಅರಮನೆ ಎದ್ದು ನಿಂತಿತು ಅಂತ. ಏಳು ಗಂಟೆ ಹತ್ರ ಬಂದಾಗ ಮಕ್ಕಳ ಜೊತೆ ಹತ್ತು, ಒಂಬತ್ತು, ಎಂಟು ಅಂತ ಎಣಿಸೋಕೆ ಶುರು ಮಾಡಿ. ಒಂದು ಲಕ್ಷದ ಹತ್ರ ಬಲ್ಬು ಒಟ್ಟಿಗೆ ಹತ್ಕೊಂಡಾಗ ಇಡೀ ಅಂಗಳ ಓ ಅನ್ನುತ್ತೆ, ಆ ಕ್ಷಣದಲ್ಲಿ ಅರಮನೆ ನೋಡೋಕಿಂತ ನಿಮ್ಮ ಮಕ್ಕಳ ಮುಖ ನೋಡಿ. ವಿಡಿಯೋ ಆಮೇಲೆ ತೆಗೀಬಹುದು, ಲೈಟ್ ಅಲ್ಲೇ ಇರುತ್ತೆ.

ಫೋಟೋ ವಿಷಯ ಬಂತಲ್ಲ, ಬೆಳಿಗ್ಗೆ ಹೊರಡುವಾಗ ಪ್ರತಿ ಮಗುದೂ ಅವತ್ತಿನ ಬಟ್ಟೇಲಿ ನಿಂತಿರೋ ಒಂದು ಪೂರ್ತಿ ಫೋಟೋ ತೆಗೆದಿಟ್ಕೊಳ್ಳಿ, ಅಕಸ್ಮಾತ್ ಜನರಲ್ಲಿ ತಪ್ಪಿಸ್ಕೊಂಡ್ರೆ ತೋರ್ಸೋಕೆ ಬೇಕು. ಮಗು ಜೇಬಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರ್ಲಿ. ನಾವು ಕಾಣ್ಲಿಲ್ಲ ಅಂದ್ರೆ ಹುಡುಕ್ಕೊಂಡು ಓಡ್ಬೇಡ, ಇದ್ದಲ್ಲೇ ನಿಂತ್ಕೋ, ಯೂನಿಫಾರ್ಮ್ ಹಾಕಿರೋರನ್ನೋ ಮಕ್ಕಳ ಜೊತೆ ಬಂದಿರೋ ಆಂಟಿನೋ ಕರಿ ಅಂತ ಮನೇಲೇ ಒಂದೆರಡು ಸಲ ಆಟ ಆಡಿಸಿ ಹೇಳ್ಕೊಡಿ, ಬರೀ ಬಾಯಲ್ಲಿ ಹೇಳಿದ್ರೆ ಗಾಬರೀಲಿ ಮರೆತುಹೋಗುತ್ತೆ. ಮಿಕ್ಕ ಫೋಟೋ ಎಲ್ಲಾ ಹಳೇ ಫೋನೊಂದನ್ನ ದೊಡ್ಡ ಮಗು ಕೈಗೆ ಕೊಟ್ಟು, ಇಪ್ಪತ್ತೇ ಫೋಟೋ, ಯೋಚಿಸಿ ತೆಗಿ ಅಂತ ಬಿಟ್ಬಿಡಿ. ಅದರ ಎತ್ತರದಿಂದ ಪ್ರಪಂಚ ಹೇಗೆ ಕಾಣುತ್ತೆ ಅಂತ ನಿಮಗೂ ಗೊತ್ತಾಗುತ್ತೆ.

ಆಟದ ಸಾಮಾನು ಜಗಳಕ್ಕೆ ಮನೇಲೇ ಪರಿಹಾರ ಮಾಡಿ. ಒಬ್ಬೊಬ್ಬರಿಗೂ ನೂರು ರೂಪಾಯಿ, ನಿಮ್ಮ ಇಷ್ಟ ಬಂದಿದ್ದು ತಗೊಳ್ಳಿ, ಮುಗಿದ್ರೆ ಮುಗೀತು. ಬಲೂನಿಗೇ ಹಾಕ್ತೀನಿ ಅಂದ್ರೆ ಹಾಕ್ಲಿ, ಮಧ್ಯೆ ಬುದ್ಧಿ ಹೇಳ್ಬೇಡಿ. ಕಾರಲ್ಲಿ ಹೋಗೋರು ವಾಪಸ್ ಬರುವಾಗ ಚನ್ನಪಟ್ಟಣಕ್ಕೆ ಇಳಿದ್ರೆ ಆಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಾಕಿರೋ ಬುಗುರಿ, ಗಿಲಕಿ ಸಿಗುತ್ತೆ, ಕಡೆಯೋದನ್ನ ನೋಡೋಕೆ ಬಿಡೋರಿದ್ರೆ ಅದು ಬೊಂಬೆಗಿಂತ ದೊಡ್ಡ ಗಿಫ್ಟು.

ಇಷ್ಟೆಲ್ಲಾ ಮಾಡಿದ್ರೂ ಮಗು ಹಠ ಮಾಡುತ್ತೆ, ಮಾಡ್ಲಿ. ಆಗ ಮುಂದಿನ ಸಲ ಕರ್ಕೊಂಡೇ ಬರಲ್ಲ ನೋಡು ಅನ್ನೋ ಮಾತು ಬೇಡ, ಮಗು ಖುಷಿಯಿಂದ ಕಾದಿದ್ದ ದಿನ ಆ ಒಂದು ಮಾತಿಗೆ ಕಹಿ ಆಗಿಬಿಡುತ್ತೆ. ನೆರಳಿಗೆ ಕರ್ಕೊಂಡು ಹೋಗಿ ಕೂರಿಸಿ, ನೀರು ಕೊಡಿ, ಶೂ ಬಿಚ್ಚಿ ನೋಡಿ ಕಚ್ಚಿದ್ಯಾ ಅಂತ, ಬಾತ್ರೂಮ್ ಬೇಕಾ ಕೇಳಿ, ಅದ್ಯಾವುದೂ ಅಲ್ಲ ಅಂದ್ರೆ ಐದು ನಿಮಿಷ ತೊಡೆ ಮೇಲೆ ಇಟ್ಕೊಂಡು ಸುಮ್ಮನಿರಿ. ಸಂಜೆ ಜಾಗ ಬಿಟ್ಟು ಬೇಗ ಮನೆಗೆ ಹೋಗ್ಬೇಕಾಗಿ ಬಂದ್ರೂ ಹೋಗಿ, ಏನೂ ನಷ್ಟ ಇಲ್ಲ.

ವಾಪಸ್ ರೈಲಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಇವತ್ತು ನೀನು ನೋಡಿದ್ದು ಬೇರೆ ಯಾರೂ ನೋಡದೇ ಇದ್ದದ್ದು ಏನು ಅಂತ. ಅಪ್ಪ ಅಮ್ಮನೂ ಹೇಳ್ಬೇಕು, ಅಜ್ಜಿನೂ ಹೇಳ್ಬೇಕು. ಟಿಕೆಟ್‌ಗಳನ್ನ ಎಸೀಬೇಡಿ, ಒಂದು ಹಳೇ ನೋಟ್‌ಬುಕ್ಕಲ್ಲಿ ಅಂಟಿಸಿ, ಆ ಉತ್ತರಗಳನ್ನ ಮಾರನೇ ದಿನ ಅದರ ಪಕ್ಕ ಬರೀರಿ, ಮಗು ಹೇಳಿದ ಹಾಗೇ, ತಪ್ಪು ತಿದ್ದದೆ. ರಾತ್ರಿ ಸುಸ್ತಲ್ಲಿ ಬರೆಸೋಕೆ ಹೋಗ್ಬೇಡಿ, ಅದು ಹೋಮ್‌ವರ್ಕ್ ಆಗಿಬಿಡುತ್ತೆ. ಆಮೇಲೆ ಊರಲ್ಲಿರೋ ಅತ್ತೆಗೋ ಚಿಕ್ಕಪ್ಪಂಗೋ ಫೋನ್ ಮಾಡಿ ಮಕ್ಕಳ ಕೈಗೆ ಕೊಡಿ, ಕಥೆ ಅವರೇ ಹೇಳ್ಲಿ.

ಮೈಸೂರು ದೂರ ಅನ್ನೋರಿಗೂ ಇದೇ ಲೆಕ್ಕ ನಡೆಯುತ್ತೆ. ಕಾರಿದ್ದು ಮಕ್ಕಳಿಗೆ ಹಕ್ಕಿ ಹುಚ್ಚಿದ್ರೆ ಝೂ ಬದಲು ರಂಗನತಿಟ್ಟು ಇಟ್ಕೊಳ್ಳಿ, ಡಿಸೆಂಬರಿಂದ ಬೇಸಿಗೆ ತನಕ ಗೂಡು ಮರಿ ಎಲ್ಲಾ ಕಾಣುತ್ತೆ, ದೋಣೀಲಿ ಹೋಗ್ತಾ ಬಂಡೆ ಮೇಲೆ ಮಲಗಿರೋ ಮೊಸಳೆನೂ ಕಾಣುತ್ತೆ, ಆದ್ರೆ ಅದೂ ಝೂ ಎರಡೂ ಒಂದೇ ದಿನ ಬೇಡ. ಶಿವಮೊಗ್ಗ ಕಡೆಯವರಿಗೆ ಸಕ್ರೆಬೈಲು ಆನೆ ಬಿಡಾರ ಇದೆ, ಊರಿಂದ 14 ಕಿಲೋಮೀಟರ್ ಅಷ್ಟೇ, ಆನೆಗಳು ತುಂಗೆಯ ಹಿನ್ನೀರಲ್ಲಿ ಸ್ನಾನ ಮಾಡೋದು ಬೆಳಿಗ್ಗೆ ಹೊತ್ತು ಮಾತ್ರ, ಎಂಟೂವರೆಗೆಲ್ಲಾ ಅಲ್ಲಿರಿ, ಮಕ್ಕಳು ನೀರಲ್ಲಿ ಒದ್ದೆ ಆಗೇ ಆಗ್ತಾರೆ, ಬದಲಾಯಿಸೋಕೆ ಒಂದು ಜೊತೆ ಬಟ್ಟೆ, ಟವೆಲ್ ಮರೀಬೇಡಿ.